ಎರಡೂ ಬದಿ ಶುದ್ಧ

ಮಂಗಳವಾರ, ನವೆಂಬರ್ ೧೨.
ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ಒಬ್ಬಳೇ ಇದ್ದೇನೆ. ಕಚೇರಿಗೆ ಹೋಗಿಲ್ಲ.

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ನೀನು ನಂಬುವುದಿಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಕೆಲಸ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ನಾನು ನಕಲಿನ ಮೇಲೆ ಪೆನ್ಸಿಲ್ ಓಡಿಸುತ್ತ ತಾಳೆ ನೋಡುತ್ತೇನೆ. ಮೂವತ್ತೊಂದು ವರ್ಷದಿಂದ ಹಾಗೆಯೇ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಹೇಳಬೇಕೆಂದದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕಾಗದ.

ನಿನ್ನ ಮಂಡಿನೋವು ಕಡಿಮೆಯಾಗಿದೆ ಎಂದು ತಿಳಿದು ಸಮಾಧಾನವಾಯಿತು. ಮೆಟ್ಟಿಲು ಹತ್ತಬೇಡ ಎಂದರೂ ತಾರಸಿಯ ಗಿಡಗಳಿಗೆ ನೀನೇ ನೀರು ಹಾಕುತ್ತೀಯಂತೆ; ನಿನ್ನ ಹೆಂಡತಿ ಬೇರೆ ಹಾಳೆಯಲ್ಲಿ ದೂರು ಬರೆದಿದ್ದಾಳೆ. ಅವಳ ಮಾತು ಕೇಳು. ನನ್ನ ಆರೋಗ್ಯ ಚೆನ್ನಾಗಿದೆ. ಕಿವಿಯಂತೂ ಬಹಳ ಚೆನ್ನಾಗಿದೆ, ಪರೀಕ್ಷೆ ಮಾಡಿಸಿದ ಕಾಗದವೇ ಇದೆ. ಯಾಕೆ ಮಾಡಿಸಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಾಗದದ ಕೊನೆಯಲ್ಲಿ ನೀನು ತಮಾಷೆಗೆ ಕೇಳಿದ್ದೀಯ, "ಈ ವರ್ಷ ಎಷ್ಟು ಪ್ಲೇಟು ತಗೊಂಡೆ ಅಕ್ಕಾ? ಮಂಚದ ಕೆಳಗೆ ಇನ್ನೂ ಜಾಗ ಇದ್ಯೋ, ಇಲ್ಲ ಪ್ಲೇಟನ್ನ ಮೇಲೆ ಮಲಗಿಸಿ ನೀನೇ ಕೆಳಗೆ ಮಲಗ್ತಿದ್ದೀಯೋ?"

ನೂರ ನಲವತ್ತಮೂರು.

ಯಾವ ವರ್ಷವೂ ಹನ್ನೆರಡು ದಾಟಿದವಳಲ್ಲ ನಾನು. ತಿಂಗಳಿಗೊಂದು ಗ್ರಾಮಫೋನ್ ರೆಕಾರ್ಡು, ಅದೂ ಮೂರು ಸಲ ಕೇಳಿ, ಯೋಚಿಸಿ. ಈ ಮಾರ್ಚಿನಿಂದೀಚೆಗೆ ನೂರ ನಲವತ್ತಮೂರು. ಇವುಗಳಲ್ಲಿ ಕೇಳಲು ಯೋಗ್ಯವಾದದ್ದು ಒಂದೂ ಇಲ್ಲ. ಎಲ್ಲವೂ ಗೀರು ಬಿದ್ದು, ಸವೆದು, ಕೆಟ್ಟವು. ಕೆಟ್ಟವು ಎಂದು ಗೊತ್ತಿದ್ದೇ ಕೊಂಡಿದ್ದೇನೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳದೆ ಇದ್ದು ಇದ್ದು ಈಗ ಏನು ಮಾಡಬೇಕೆಂದೇ ತೋಚದ ಹಾಗಾಗಿದೆ.

ನಾನು ರೆಕಾರ್ಡು ಕೊಳ್ಳುವ ಅಂಗಡಿಗೆ ನೀನು ಒಂದೇ ಸಲ ಬಂದಿದ್ದೆ. ಬೀಗ ರಿಪೇರಿಯವನ ಪಕ್ಕ, ರಸ್ತೆಯಿಂದ ಮೂರು ಮೆಟ್ಟಿಲು ಕೆಳಗೆ. ಒಳಗೆ ಹೋದರೆ ಎಡಕ್ಕೆ ಕಪಾಟುಗಳು, ಬಲಕ್ಕೆ ಕುಳಿತು ಕೇಳಲು ಎರಡು ಕುರ್ಚಿ, ಹಿಂದೆ ಪರದೆಯ ಆಚೆ ಚಹಾ ಕಾಯಿಸುವ ಜಾಗ. ಅಂಗಡಿಯವರನ್ನು ಎಲ್ಲರೂ ಚೀಟಿ ಮೇಷ್ಟ್ರು ಅನ್ನುತ್ತಾರೆ. ಹೊಸಬರು ಚೀಟಿ ವ್ಯವಹಾರ ನಡೆಸುತ್ತಾರೆ ಅಂದುಕೊಳ್ಳುತ್ತಾರೆ. ಅವರ ಚೀಟಿ ಬೇರೆ. ಅಂಗಡಿಗೆ ಬಂದ ಯಾವ ಹಳೇ ರೆಕಾರ್ಡನ್ನೂ ಅವರು ಕೇಳದೆ ಮಾರುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಅರ್ಧ ಎಳೆದುಕೊಂಡು, ಎರಡೂ ಬದಿ ಮೊದಲಿಂದ ಕೊನೆಯವರೆಗೆ ಕೇಳಿ, ಇರುವ ದೋಷವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕವರಿನೊಳಗೆ ಇಡುತ್ತಾರೆ. ನನ್ನಲ್ಲಿರುವ ಒಂದು ಹಳೆಯ ಚೀಟಿಯನ್ನು ಇಲ್ಲಿ ಹಾಗೇ ನಕಲು ಮಾಡುತ್ತೇನೆ: "ಒಂದನೇ ಬದಿ, ಎರಡನೇ ಹಾಡು. ಪಿಟೀಲು ಶುರುವಾದ ಮೇಲೆ ಹನ್ನೊಂದು ಸಲ ಟಿಕ್ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸಹಿಸಬಹುದು." ಮನೆಗೆ ತಂದು ಎಣಿಸಿದ್ದೆ. ಹನ್ನೊಂದೇ.

ಅವರ ಚೀಟಿಯಲ್ಲಿ ಮೂರೇ ತೀರ್ಪು. ಸಹಿಸಬಹುದು, ಸಹಿಸಲಾಗದು, ಎರಡೂ ಬದಿ ಶುದ್ಧ. ಮೂರನೆಯದು ವರ್ಷಕ್ಕೆ ಒಂದೋ ಎರಡೋ ಸಿಕ್ಕರೆ ಪುಣ್ಯ. ಸಿಕ್ಕಿದವರು ಬೀಗುತ್ತ ಹೋಗುತ್ತಿದ್ದರು.

ಮಾರ್ಚಿನಲ್ಲಿ ನನಗೊಂದು ಸಿಕ್ಕಿತು, ಕೊಳಲಿನದು. ಮನೆಗೆ ತಂದು ಹಾಕಿದೆ. ಒಣ ಎಲೆಯ ರಾಶಿಯ ಮೇಲೆ ಯಾರೋ ಓಡಾಡಿದ ಹಾಗೆ ಮೊದಲಿಂದ ಕೊನೆಯವರೆಗೆ ಸರಸರ. ನನ್ನ ಮೆಷಿನ್ನಿನ ಮುಳ್ಳು ಸವೆದಿರಬೇಕೆಂದು ಹೊಸ ಮುಳ್ಳು ಹಾಕಿದೆ, ರೆಕಾರ್ಡನ್ನು ತೊಳೆದೆ. ಹಾಗೇ ಇತ್ತು. ಮರುವಾರ ಇನ್ನೊಂದು ತಂದೆ, ಅದೂ "ಎರಡೂ ಬದಿ ಶುದ್ಧ". ಅದೂ ಹಾಗೇ. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಕೆಟ್ಟಿವೆ ಎಂದು ಹೇಳದೆ, "ಇದನ್ನ ನಿಮ್ಮ ಮೆಷಿನ್ನಲ್ಲಿ ಒಂದ್ಸಲ ಕೇಳ್ಬೇಕು ಅನ್ನಿಸ್ತು ಮೇಷ್ಟ್ರೇ" ಅಂದೆ. ಖುಷಿಯಾಗಿ ಹಾಕಿದರು. ಅಂಗಡಿಯ ತುಂಬ ಸರಸರ ತುಂಬಿತು. ಅವರು ಕಣ್ಣು ಮುಚ್ಚಿಕೊಂಡು ಒಂದು ಬೆರಳೆತ್ತಿ ಹೇಳಿದರು:

"ನೋಡಿ ಮೇಡಂ. ಕೂದಲೆಳೆಯಷ್ಟು ಸದ್ದಿಲ್ಲ. ಈಚೀಚೆಗೆ ಬರೋ ಪ್ಲೇಟೆಲ್ಲ ಹೀಗೇ. ಜನ ಜೋಪಾನ ಮಾಡೋದು ಕಲಿತ್ರು ಅಂತ ಕಾಣತ್ತೆ. ನಲವತ್ತು ವರ್ಷ ಈ ಗಲಾಟೆ ಕೇಳಿ ಕೇಳಿ ಸಾಕಾಗಿತ್ತು."

ಅಷ್ಟರಲ್ಲಿ ಪರದೆಯ ಹಿಂದೆ ಚಹಾದ ಕೆಟಲ್ ಸೀಟಿ ಹಾಕತೊಡಗಿತು. ಆ ಸೀಟಿ ರಸ್ತೆಯ ಆಚೆಗೂ ಕೇಳಿಸುವಂಥದ್ದು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ನಾನು ಎದ್ದು ಹೋಗಿ ಒಲೆ ಆರಿಸಿದೆ. "ಓ, ಆಗ್ಲೇ ಕುದೀತಾ?" ಅಂದರು.

ಕಿವಿ ಪರೀಕ್ಷೆಯವರು ಆಮೇಲೆ ನನಗೆ ವಿವರಿಸಿದರು. ವಯಸ್ಸಾದಂತೆ ತೀಕ್ಷ್ಣವಾದ ಸದ್ದುಗಳು ಮೊದಲು ಹೋಗುತ್ತವಂತೆ. ಮಾತು ಕೇಳುತ್ತದೆ, ತಬಲ ಕೇಳುತ್ತದೆ, ಹಾಡೂ ಕೇಳುತ್ತದೆ. ಸೀಟಿ, ಸರಸರ, ಚಿಟಪಟ ಕೇಳುವುದಿಲ್ಲ. ಅಂದರೆ ತಮ್ಮಾ, ಮೇಷ್ಟ್ರ ಪಾಲಿಗೆ ಜಗತ್ತಿನ ರೆಕಾರ್ಡುಗಳೆಲ್ಲ ಈಗ ಗೀರಿಲ್ಲದವು. ಅವರು ಜೀವಮಾನದಲ್ಲಿ ಇಷ್ಟು ಸುಖವಾಗಿ ಹಾಡು ಕೇಳಿರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತದೆ.

ಕೆಟಲ್ ಕೂಗಿದ ಆ ದಿನ ನನಗೆ ತೋಚಿದ್ದು ಒಂದೇ. ಕೆಟ್ಟದ್ದು ಬೇರೆಯವರ ಕೈಗೆ ಹೋಗದಿದ್ದರೆ ಚೀಟಿಯ ಮರ್ಯಾದೆ ಉಳಿಯುತ್ತದೆ. ಅಂದಿನಿಂದ ಕಚೇರಿ ಬಿಟ್ಟ ಕೂಡಲೇ ದಿನವೂ ಅಲ್ಲಿಗೆ ಹೋಗುತ್ತೇನೆ. ಆಯಾ ದಿನ ಚೀಟಿ ಬರೆದವುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಚೀಟಿಗೂ ಸದ್ದಿಗೂ ತಾಳೆಯಾಗದ್ದನ್ನು ಕೊಂಡು ತರುತ್ತೇನೆ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ನಾನು ಕೊಂಡಷ್ಟೂ ಅವರು ತರಿಸುತ್ತಾರೆ. "ನಿಮಗೆ ಈಗ ರುಚಿ ಹತ್ತಿತು ನೋಡಿ" ಎಂದು ಸಂಭ್ರಮಪಟ್ಟು, ಶುದ್ಧ ಎಂದು ಬರೆದದ್ದನ್ನು ನನಗೆಂದೇ ಬೇರೆ ತೆಗೆದಿಡುತ್ತಾರೆ. ಅದರ ಮೇಲೆ, ಅವರಿಗೆ ಹಳೇ ಪ್ಲೇಟು ತಂದು ಮಾರುವ ಗುಜರಿಯವನಿಗೆ ಸುಳಿವು ಸಿಕ್ಕಿದೆ. ಮೊದಲು ಮೇಷ್ಟ್ರು ಹತ್ತಕ್ಕೆ ಎಂಟನ್ನು ಹಿಂದಕ್ಕೆ ಕಳಿಸುತ್ತಿದ್ದರಲ್ಲ, ಈಗ ಹತ್ತೂ ಇಳಿಯುತ್ತವೆ. ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಎದುರಿಗೇ ತನ್ನ ಜೊತೆಯವನಿಗೆ ಹೇಳಿದ, "ಉಪ್ಪುಕಾಗದ ಕೊಟ್ರೂ ಶುದ್ಧ ಅಂತ ಬರೀತದೆ ಮುದುಕ. ಒಳಗೆ ತಗೊಂಡು ಹೋಗು." ನಾನು ಏನೂ ಹೇಳದೆ ಒಳಗೆ ಹೋದೆ. ಹೇಳಬೇಕಿತ್ತು.

ಕೆಲವು ನನ್ನ ಕಣ್ಣು ತಪ್ಪಿಸಿಯೂ ಹೋದವು. ದನದ ಡಾಕ್ಟರು ಅಂತ ಒಬ್ಬರು ಬರುತ್ತಾರೆ, ಒಳ್ಳೆಯವರು, ಬಾಯಿ ಸ್ವಲ್ಪ ಸಡಿಲ. ಒಂದು ರೆಕಾರ್ಡು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದವರನ್ನು ಬಾಗಿಲಲ್ಲೇ ತಡೆದೆ.

"ಇದೇನಕ್ಕಾವ್ರೇ, ಎಮ್ಮೆ ಮೆಲುಕು ಹಾಕ್ದಂಗೆ ಸದ್ದು. ಶುದ್ಧ ಅಂತೆ ಶುದ್ಧ! ಮೇಷ್ಟ್ರಿಗೆ ತೋರಿಸ್ತೀನಿ ತಾಳಿ."

"ನನಗೆ ಕೊಡಿ" ಅಂದೆ. "ನಾನು ಹುಡುಕ್ತಿದ್ದದ್ದೇ ಇದು. ಬದಲಿಗೆ ನನ್ನ ಹತ್ರ ಇರೋದ್ರಲ್ಲಿ ನಿಮಗೆ ಬೇಕಾದ್ದು ತಗೊಳ್ಳಿ."

"ಇಷ್ಟು ಕೆಟ್ಟದ್ದು ಯಾಕೆ?"

"ಕವರ್ ಚೆನ್ನಾಗಿದೆ."

ಅವರು ನನ್ನ ಮುಖವನ್ನೇ ನೋಡಿ ನಕ್ಕರು. "ಅಕ್ಕಾವ್ರು ದಿನಾ ಬರೋದು ಪ್ಲೇಟಿಗೋ ಮೇಷ್ಟ್ರಿಗೋ ಅಂತ ಬೀಗದವನು ಕೇಳ್ತಿದ್ದ. ಕವರಿಗೆ ಅಂತ ಹೇಳ್ತೀನಿ ಬಿಡಿ."

ಮರುದಿನ ನನ್ನ ಸಂಗ್ರಹದಿಂದ ಅವರೇ ಒಂದನ್ನು ಆರಿಸಿಕೊಂಡರು. ಆಮೇಲೆ ಬೇರೆಯವರೂ ಹಾಗೆ ಬಂದರು. ಇಪ್ಪತ್ತು ವರ್ಷದಲ್ಲಿ ಕೂಡಿಸಿದ ಒಳ್ಳೆಯ ರೆಕಾರ್ಡುಗಳಲ್ಲಿ ಮೂವತ್ತಾರು ಹೀಗೆ ಹೋಗಿವೆ. ಕಪಾಟಿನಲ್ಲಿ ಅವುಗಳ ಜಾಗ ಖಾಲಿ ಬಿಟ್ಟಿದ್ದೇನೆ. ಕೆಟ್ಟವನ್ನು ಅಲ್ಲಿಡಲು ಮನಸ್ಸಾಗಲಿಲ್ಲ, ಅವು ಮಂಚದ ಕೆಳಗಿವೆ.

ಹೇಳಲು ಪ್ರಯತ್ನಿಸಲೇ ಇಲ್ಲ ಎಂದುಕೊಳ್ಳಬೇಡ. ಆಗಸ್ಟಿನಲ್ಲಿ ಒಂದು ದಿನ ಅವರ ಮೆಷಿನ್ನಿನ ಮುಂದೆಯೇ ಕುಳಿತು, "ಇದರಲ್ಲಿ ಸ್ವಲ್ಪ ಸರಸರ ಅನ್ನಲ್ವಾ ಮೇಷ್ಟ್ರೇ?" ಎಂದೆ. ಅವರು ಬಗ್ಗಿ, ಕೈಯನ್ನು ಕಿವಿಗೆ ಹಿಡಿದು, ಪೂರ್ತಿ ಒಂದು ನಿಮಿಷ ಗಮನವಿಟ್ಟು ಕೇಳಿದರು. ಆಮೇಲೆ ತೀರ ಕರುಣೆಯಿಂದ ನನ್ನ ಕಡೆ ತಿರುಗಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ. ವಯಸ್ಸಾದ ಮೇಲೆ ಕೆಲವರಿಗೆ ಕಿವಿಯೊಳಗೇ ಸದ್ದು ಶುರುವಾಗತ್ತಂತೆ. ಒಮ್ಮೆ ತೋರಿಸ್ಕೊಳ್ಳಿ. ನಿರ್ಲಕ್ಷ್ಯ ಮಾಡ್ಬೇಡಿ."

ಹೋಗಿ ತೋರಿಸಿಕೊಂಡೆ. ನಿಜವಾಗಿಯೂ ನನ್ನದೇ ದೋಷ ಇರಲಿ ಎಂದು ಆಸೆಪಟ್ಟು ಹೋದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಅಂದರು. ಎಲ್ಲದಕ್ಕೂ ಒತ್ತಿದೆ. "ನಿಮ್ಮ ವಯಸ್ಸಿಗೆ ಇಂಥ ಕಿವಿ ಅಪರೂಪ" ಎಂದು ಪರೀಕ್ಷೆಯ ಹೆಂಗಸು ಹೊಗಳಿದಳು. ಪರಿಚಯದವರೊಬ್ಬರಿದ್ದಾರೆ ಎಂದು ಮೇಷ್ಟ್ರ ವಿಷಯ ಕೇಳಿದೆ. ಅವಳು ಸುತ್ತುಬಳಸಲಿಲ್ಲ. "ಹೋಗಿರೋದು ವಾಪಸ್ ಬರಲ್ಲ. ಕಿವಿಗೆ ಮೆಷಿನ್ ಹಾಕ್ಕೊಂಡ್ರೆ ಮಾತಿಗೆ ಅನುಕೂಲ, ಸಂಗೀತ ಮೊದಲಿನ ಹಾಗೆ ಕೇಳಲ್ಲ. ಮೊದಲು ಕರ್ಕೊಂಡು ಬನ್ನಿ. ಕೇಳಿಸದೆ ಇರೋದು ಅವರಿಗೆ ಹೆಂಗೆ ಗೊತ್ತಾಗ್ಬೇಕು? ಯಾರಾದ್ರೂ ಹೇಳ್ಬೇಕು" ಅಂದಳು.

ಆ ಯಾರಾದರೂ ನಾನೇ ಎಂದು ನನಗೆ ಗೊತ್ತಿತ್ತು. ಆದರೂ ಮೂರು ತಿಂಗಳು ಸುಮ್ಮನಿದ್ದೆ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ರೆಕಾರ್ಡು ಕೊಳ್ಳುತ್ತ ಹೋದೆ.

ಈಗ ಕೇಳು. ಹೋದ ತಿಂಗಳ ಮೊದಲಲ್ಲಿ ಅವರಿಗೆ ದೂರದ ಒಂದು ಸಂಗೀತ ಶಾಲೆಯಿಂದ ಕಾಗದ ಬಂದಿದೆ. ಶಾಲೆಯ ಗ್ರಂಥಾಲಯಕ್ಕೆ ಮುನ್ನೂರು ರೆಕಾರ್ಡು ಬೇಕಂತೆ, ಮಕ್ಕಳು ಕೇಳಿ ಕಲಿಯಲಿಕ್ಕೆ. ಬಂದು ಪರೀಕ್ಷಿಸುವುದಿಲ್ಲ, "ತಮ್ಮ ಚೀಟಿಯಿದ್ದರೆ ನಮಗೆ ಬೇರೆ ಕಿವಿ ಬೇಡ" ಎಂದು ಬರೆದಿದ್ದಾರೆ. ಮೇಷ್ಟ್ರು ಆ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಾರೆ. ಬೀಗದವನಿಗೆ ಎರಡು ಸಲ ಓದಿದರು. ನನಗೆ ಓದುವಾಗ ಆ ಸಾಲಿಗೆ ಬಂದು ನಿಲ್ಲಿಸಿದರು, ಕಾಗದವನ್ನು ನನ್ನ ಕೈಗೆ ಕೊಟ್ಟು "ನೀವೇ ಓದ್ಕೊಳ್ಳಿ" ಅಂದರು.

ಶುಕ್ರವಾರ ಬೆಳಿಗ್ಗೆ ವ್ಯಾನು ಬರುತ್ತದೆ. ದಿನವೂ ಮಧ್ಯಾಹ್ನ ಊಟ ಬಿಟ್ಟು ಕೂತು ಇನ್ನೂರ ಎಪ್ಪತ್ತಕ್ಕೆ ಚೀಟಿ ಬರೆದು ಬೇರೆಯಾಗಿ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ನಿನ್ನೆ ದೂಳು ಒರೆಸಿಕೊಡುವ ನೆಪದಲ್ಲಿ ಹತ್ತನ್ನು ತೆಗೆದು ಕೇಳಿದೆ. ಏಳು ಕೆಟ್ಟಿವೆ. ಈ ಮುನ್ನೂರನ್ನು ನಾನು ಕೊಳ್ಳಲಾರೆ, ಬದಲಿಗೆ ಕೊಡಲು ನನ್ನ ಕಪಾಟಿನಲ್ಲಿ ಅಷ್ಟು ಉಳಿದೂ ಇಲ್ಲ. ಅವು ಹೀಗೇ ಹೋದರೆ, ಶಾಲೆಯ ಶಿಕ್ಷಕರು ಮೊದಲ ದಿನವೇ ಕೇಳುತ್ತಾರೆ. ಅವರಿಂದ ಇನ್ನೊಂದು ಕಾಗದ ಬರುತ್ತದೆ. ಅದನ್ನು ಮೇಷ್ಟ್ರು ಒಬ್ಬರೇ ಕೂತು ಓದಬೇಕು. ಗುಜರಿಯವನು ನಗುತ್ತಾನೆ, ಡಾಕ್ಟರು ಜೋಕು ಮಾಡುತ್ತಾರೆ, ಮೇಷ್ಟ್ರು ನಲವತ್ತು ವರ್ಷ ಬರೆದ ನಿಜವಾದ ಚೀಟಿಗಳನ್ನೂ ಜನ ಅನುಮಾನದಿಂದ ತೆಗೆದು ನೋಡುತ್ತಾರೆ.

ಹೇಳಿದರೆ ಏನಾಗುತ್ತದೆ? ಅಂಗಡಿ ಒಂದೇ ಅಲ್ಲ ಹೋಗುವುದು. ಆಮೇಲೆ ಹಾಡು ಹಾಕಿದಾಗಲೆಲ್ಲ, ಇದರಲ್ಲಿ ನನಗೆ ಕೇಳಿಸದ್ದು ಏನಿದೆ ಎಂದು ಹುಡುಕುವವರು ಅವರು. ಈಗಿರುವ ಸುಖವನ್ನು ನಾನೇ ಕೈಯಾರೆ ಕಿತ್ತುಕೊಳ್ಳಬೇಕು. ಹೇಳದಿದ್ದರೆ ಅದನ್ನೇ ಬೇರೆಯವರು ಮಾಡುತ್ತಾರೆ, ನಕ್ಕು ಮಾಡುತ್ತಾರೆ. ಎರಡರಲ್ಲಿ ಯಾವುದನ್ನೂ ತಪ್ಪಿಸಲು ನನ್ನ ಕೈಲಾಗುವುದಿಲ್ಲ.

ಇಷ್ಟೆಲ್ಲ ಬರೆದು ನಿನ್ನ ತಲೆಗೂ ಹುಳ ಬಿಟ್ಟೆ. ನೀನು ಏನೂ ಮಾಡಬೇಕಾಗಿಲ್ಲ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಶುಕ್ರವಾರ ಕಳೆದಿರುತ್ತದೆ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಓದುವಾಗ ಬೆನ್ನು ಬಗ್ಗಿಸಿ ಕೂರಬೇಡ ಅಂತ ಅವಳ ಅತ್ತೆ ಹೇಳಿದಳೆಂದು ಹೇಳು. ನಿನ್ನ ಹೆಂಡತಿಗೆ ತಾರಸಿಯ ಬೀಗದ ಕೈಯನ್ನು ಬಚ್ಚಿಡಲು ನನ್ನ ಪೂರ್ಣ ಒಪ್ಪಿಗೆ ಇದೆ. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮರೆತ ಮಾತು: ಹಾಗೆಂದು ಬರೆದೆ, ಮರೆತಿರಲಿಲ್ಲ. ಮೇಲಿನದನ್ನೆಲ್ಲ ಬರೆದದ್ದು ಇದನ್ನು ಬರೆಯಲಿಕ್ಕೇ ಇರಬೇಕು.

ಅಪ್ಪ ಗಡಿಯಾರದ ಅಂಗಡಿ ಮುಚ್ಚಿದ್ದು ಎದುರಂಗಡಿಯ ಟೈಲರ್ ಏನೋ ಅಂದದ್ದಕ್ಕೆ ಎಂದು ನೀನು ನಂಬಿದ್ದೀಯ. ಅಪ್ಪನ ಕೈ ನಡುಗುವುದನ್ನು ಆಡಿಕೊಂಡು ಅವರ ಎದೆ ಒಡೆದವನು ಅವನೇ ಎಂದು ನೀನು ಹೇಳಿದಾಗಲೆಲ್ಲ ನಾನು ಸುಮ್ಮನಿದ್ದೆ. ಹೇಳಿದ್ದು ಟೈಲರ್ ಅಲ್ಲ. ನಾನು.

ಅಪ್ಪ ರಿಪೇರಿ ಮಾಡಿದ ಗಡಿಯಾರಗಳನ್ನು ಜನ ವಾಪಸ್ ತರಲು ಶುರುಮಾಡಿದ್ದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ತಾಳೆ ನೋಡುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವಿತ್ತು. ನಾಲ್ಕು ಗಡಿಯಾರಗಳನ್ನು ಮನೆಗೆ ತಂದು, ರೇಡಿಯೋದ ಸಮಯಕ್ಕೆ ಹೋಲಿಸಿ, ಯಾವುದು ದಿನಕ್ಕೆ ಎಷ್ಟು ನಿಮಿಷ ತಪ್ಪುತ್ತದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆ. ಬೆಳಿಗ್ಗೆ ಕಚೇರಿಗೆ ಹೊರಡುವ ಅವಸರದಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತ, ಅದನ್ನು ಅಪ್ಪನ ಕೈಗೆ ಕೊಟ್ಟೆ. "ನಾಲ್ಕಕ್ಕೆ ನಾಲ್ಕೂ ತಪ್ಪಪ್ಪಾ. ಇನ್ನು ಸಾಕು ಮಾಡು" ಅಂದೆ. ಬಸ್ಸು ಬಂತು, ಓಡಿದೆ. ಅಪ್ಪ ಆ ಹಾಳೆಯನ್ನು ಓದಿದಾಗ ಅವರ ಮುಖ ಹೇಗಿತ್ತು ಎಂದು ನನಗೆ ಗೊತ್ತಿಲ್ಲ. ಸಂಜೆ ಬರುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿತ್ತು. ಆಮೇಲಿನ ಹನ್ನೊಂದು ವರ್ಷ ಕಿಟಕಿಯ ಹತ್ತಿರದ ಆ ಕುರ್ಚಿಯನ್ನು ನೀನೂ ನೋಡಿದ್ದೀಯ. ಹಾಳೆಯ ವಿಷಯವನ್ನು ಅವರು ಅಮ್ಮನಿಗೂ ಹೇಳಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಅಪ್ಪ ಹೋದ ದಿನ ಟೈಲರ್ ಬಂದಿದ್ದರು. "ನೀವು ಒಳಗೆ ಬರೋದು ಬೇಡ" ಎಂದು ನೀನು ಬಾಗಿಲಿಗೆ ಅಡ್ಡ ನಿಂತೆ. ಅಪ್ಪನಿಗಿದ್ದ ಒಬ್ಬರೇ ಸ್ನೇಹಿತರು ಅವರು; ಗೇಟಿನ ಹೊರಗೆ ಒಂದು ಗಂಟೆ ನಿಂತು ಹೊರಟುಹೋದರು. ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. ಅವರು ಈಗ ಇಲ್ಲ. ಎರಡು ವರ್ಷವಾಯಿತು. ನೀನು ಅವರಲ್ಲಿ ಕ್ಷಮೆ ಕೇಳುವ ದಾರಿಯನ್ನೂ ನಾನೇ ಮುಚ್ಚಿದೆ. ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ, ಅದು ನಿನಗೆ ಬಿಟ್ಟದ್ದು.

ಮೇಷ್ಟ್ರಿಗೆಂದೂ ಒಂದು ಪಟ್ಟಿ ಮಾಡಿಟ್ಟಿದ್ದೆ, ನೂರ ನಲವತ್ತಮೂರರ ದೋಷಗಳನ್ನೂ ಬರೆದು, ಅವರ ಚೀಟಿಯ ಮಾದರಿಯಲ್ಲೇ. ಇವತ್ತು ಬೆಳಿಗ್ಗೆ ಅದನ್ನು ಹರಿದು ಹಾಕಿದೆ. ನಾಡಿದ್ದು ಗುರುವಾರಕ್ಕೂ ರಜೆ ಬರೆದುಕೊಟ್ಟಿದ್ದೇನೆ. ಎಂಟೂವರೆಗೆ ಅವರು ಬಾಗಿಲು ತೆಗೆಯುವಾಗ ಹೋಗಿ, ಎದುರಿನ ಕುರ್ಚಿಯಲ್ಲಿ ಕುಳಿತು, ಬಾಯಲ್ಲೇ ಹೇಳುತ್ತೇನೆ. ಹೇಳಿ ಎದ್ದು ಬರುವುದಿಲ್ಲ. ಅವರು ಹೋಗು ಅಂದರೂ ಸಂಜೆಯವರೆಗೆ ಅಲ್ಲೇ ಇರುತ್ತೇನೆ. ಈಚೆಗೆ ಮೆಲ್ಲಗೆ ಆಡಿದ ಮಾತೂ ಅವರಿಗೆ ಸರಿಯಾಗಿ ಮುಟ್ಟುತ್ತಿಲ್ಲ, "ಬಾಯಿ ಬಿಟ್ಟು ಮಾತಾಡಿ" ಅನ್ನುತ್ತಾರೆ. ಕಿವಿಯಲ್ಲಿ ಹೇಳಬೇಕಾದ ಮಾತನ್ನು ಬೀಗದವನಿಗೂ ಕೇಳುವಷ್ಟು ಜೋರಾಗಿ ಹೇಳಬೇಕಾಗುತ್ತದೆ. ಆದರೂ ಹೇಳುವುದೆಂದು ತೀರ್ಮಾನಿಸಿದ್ದೇನೆ.